ಕಡತವನ್ನು ತೆರೆಯುವ ಮುನ್ನ

‘ಕಡತ’ ಎಂದೊಡನೆ ಇಂದು ಕಚೇರಿಯ ಕಾಗದದ ಕಟ್ಟು ನೆನಪಾಗುತ್ತದೆ. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಿಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆದುದನ್ನು ಬೇಕೆಂದಾಗ ಓದಬಹುದಿತ್ತು; ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದುಬಂದಿವೆ. ಗಣಕಯಂತ್ರದಲ್ಲಿ ಬರಹವನ್ನು ಕೂಡಿಡುವ ಫೈಲಿಗೂ ಕನ್ನಡಿಗರು ಇದೇ ಹೆಸರನ್ನು ಕೊಟ್ಟರು. ಹೆಸರಿನೊಡನೆ ಅಳಿಸಿಹೋಗುವ ಅಪಾಯವೂ ಬಂದಿತು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಬೀಸುವ ಪದಗಳು ಮುದುಕಿಯರ ನಾಲಗೆಯ ಮೇಲೆ ಮಾತ್ರ ಉಳಿದವು. ಸುರಪುರದ ಬಾಲಕಿಯೊಬ್ಬಳು ತನ್ನ ಅಜ್ಜಿ ಹಾಡಿದ ಇಪ್ಪತ್ತು ಪದಗಳನ್ನು ಗಣಕದ ಕಡತವೊಂದರಲ್ಲಿ ಬರೆದಿಟ್ಟಳೆಂದು ಭಾವಿಸೋಣ.

1991ರಲ್ಲಿ ಹೊರಬಂದ ‘ಪೈಥಾನ್’ ಎಂಬ ಗಣಕಭಾಷೆಯಲ್ಲಿ ಕಡತವನ್ನು ತೆರೆಯಲು ‘ಓಪನ್’ ಎಂಬ ಆಜ್ಞೆಯುಂಟು. ಕಡತದ ಹೆಸರಿನೊಡನೆ, ತೆರೆಯುವ ಉದ್ದೇಶವನ್ನೂ ಒಂದು ಅಕ್ಷರದಿಂದ ಸೂಚಿಸಬಹುದು. ‘ಆರ್’ ಎಂದರೆ ಓದುವುದಕ್ಕೆ ಮಾತ್ರ. ಬರಹಕ್ಕೆ ಯಾವ ಧಕ್ಕೆಯೂ ಇಲ್ಲ. ‘ಎ’ ಎಂದರೆ ಇದ್ದುದರ ಕೊನೆಗೆ ಹೊಸದನ್ನು ಸೇರಿಸುವುದಕ್ಕೆ. ‘ಡಬ್ಲ್ಯೂ’ ಎಂದರೆ ಹೊಸದಾಗಿ ಬರೆಯುವುದಕ್ಕೆ. ಎಚ್ಚರ ಬೇಕಾದುದು ಇಲ್ಲಿಯೇ. ಬಾಲಕಿಯು ಇಪ್ಪತ್ತೊಂದನೆಯ ಪದವನ್ನು ಸೇರಿಸಲೆಂದು ‘ಡಬ್ಲ್ಯೂ’ ಎಂದು ಸೂಚಿಸಿದರೆ, ಒಂದಕ್ಷರ ಬರೆಯುವ ಮೊದಲೇ, ತೆರೆದ ಕ್ಷಣದಲ್ಲಿಯೇ ಹಿಂದಿನ ಇಪ್ಪತ್ತೂ ಅಳಿದುಹೋಗುತ್ತವೆ. ಯಂತ್ರವು ‘ಅಳಿಸಲೇ?’ ಎಂದು ಕೇಳುವುದಿಲ್ಲ. ಅಷ್ಟರಲ್ಲಿ ಅಜ್ಜಿಯು ತೀರಿಕೊಂಡಿದ್ದರೆ, ಅವುಗಳನ್ನು ಮತ್ತೆ ಹಾಡುವವರು ಯಾರು?

ಇನ್ನೆರಡು ಮಾತುಗಳು ನೆನಪಿರಬೇಕು. ಬರೆದುದು ಕೂಡಲೇ ಕಡತವನ್ನು ಸೇರದೆ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ ನಿಂತಿರಬಹುದು. ಆಗ ವಿದ್ಯುತ್ತು ಹೋದರೆ ಅದೂ ಹೋಗುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ‘ಕ್ಲೋಸ್’ ಆಜ್ಞೆಯಿಂದ ಕಡತವನ್ನು ಮುಚ್ಚಬೇಕು. ‘ವಿತ್’ ಎಂಬ ಪದದೊಡನೆ ತೆರೆದರೆ ಕೆಲಸ ಮುಗಿದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ. ಕನ್ನಡ ಬರಹಕ್ಕೆ ‘ಯುಟಿಎಫ್-8’ ಎಂಬ ಸಂಕೇತಕ್ರಮವನ್ನು ಹೆಸರಿಸುವುದೂ ಒಳ್ಳೆಯದು. ಬರೆದುದು ಒಂದು ಕ್ರಮದಲ್ಲಿ, ಓದುವುದು ಇನ್ನೊಂದು ಕ್ರಮದಲ್ಲಿ ಆದರೆ ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ.

ಸುರಪುರ ಸೀಮೆಯ ಮುದನೂರು ವಚನಕಾರ ದಾಸಿಮಯ್ಯನ ಊರು. ಆತನ ಕಾಲದ ಲೇಖನಿ ಇಂದು ಉಳಿದಿಲ್ಲ, ವಚನಗಳು ಉಳಿದಿವೆ. ಓಲೆಯಿಂದ ಓಲೆಗೆ ಪ್ರತಿ ಮಾಡಿದವರಿದ್ದರು; ಆ ಓಲೆಗಳನ್ನು ಮನೆಮನೆಗಳಿಂದ ಅರಸಿ ತಂದು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರಂಥವರೂ (1880–1964) ಇದ್ದರು. ಸಾಧನ ಬದಲಾದರೂ ಧರ್ಮ ಬದಲಾಗದು: ಬರೆಯುವ ಮುನ್ನ ಇದ್ದುದನ್ನು ನೋಡಬೇಕು, ಇದ್ದುದಕ್ಕೆ ಒಂದು ಪ್ರತಿಯನ್ನು ಮಾಡಿಡಬೇಕು.

ಅಭ್ಯಾಸ
1. ಹಳೆಯ ಕಾಲದ ಕಡತವನ್ನು ಹೇಗೆ ಸಿದ್ಧಪಡಿಸುತ್ತಿದ್ದರು?
2. ಬಾಲಕಿಯು ಯಾವ ಅಕ್ಷರವನ್ನು ಸೂಚಿಸಬೇಕಾಗಿತ್ತು? ಏಕೆ?
3. ನಿಮ್ಮ ಮನೆಯ ಹಿರಿಯರು ಬಲ್ಲ ಒಂದು ಪದವನ್ನು ಕೇಳಿ ಬರೆದುಕೊಳ್ಳಿರಿ.