ಟ್ರೇಡಿಂಗ್ ಲ್ಯಾಪ್‌ಟಾಪಿಗೆ ಎಷ್ಟು ಗಿಗಾಹರ್ಟ್ಸ್ ಬೇಕು?

ಚಿನ್ನಾಳಪಟ್ಟಿಯಲ್ಲಿ ಸೀರೆ ವ್ಯಾಪಾರದ ಜೊತೆಗೆ ಡೇ ಟ್ರೇಡಿಂಗ್ ಶುರುಮಾಡಬೇಕೆಂದಿದ್ದೀರಿ. ದಿಂಡಿಗಲ್ಲಿನ ಅಂಗಡಿಯಲ್ಲಿ ನೋಡಿದ ‘4.6 ಗಿಗಾಹರ್ಟ್ಸ್’ ಲ್ಯಾಪ್‌ಟಾಪ್ ಕೊಳ್ಳಲೇ ಎಂದು ಕೇಳಿದ್ದೀರಿ.

ಆ ಅಂಕಿಯ ಪಕ್ಕದಲ್ಲಿ ‘ವರೆಗೆ’ ಎಂದಿರುತ್ತದೆ, ನೋಡಿ. ಅದು ಸ್ವಲ್ಪ ಹೊತ್ತು ಮಾತ್ರ ಮುಟ್ಟುವ ಗರಿಷ್ಠ ವೇಗ. ತೆಳು ಲ್ಯಾಪ್‌ಟಾಪ್ ಬಿಸಿಯೇರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಳೇ ತಲೆಮಾರಿನ 4 ಗಿಗಾಹರ್ಟ್ಸಿಗಿಂತ ಹೊಸದರ 3 ಗಿಗಾಹರ್ಟ್ಸ್ ಎಷ್ಟೋ ಸಲ ಹೆಚ್ಚು ಕೆಲಸ ಮುಗಿಸುತ್ತದೆ.

ಇನ್ನೊಂದು ಮಾತು. ನೀವು ಒತ್ತಿದ ಆರ್ಡರ್ ಬ್ರೋಕರ್ ಸರ್ವರ್ ದಾಟಿ ಎಕ್ಸ್‌ಚೇಂಜ್ ಮುಟ್ಟಲು ಸಾಮಾನ್ಯವಾಗಿ ಹತ್ತಾರು ಮಿಲಿಸೆಕೆಂಡ್ ಬೇಕು. 3 ಗಿಗಾಹರ್ಟ್ಸ್ ಪ್ರೊಸೆಸರ್ ಒಂದೇ ಮಿಲಿಸೆಕೆಂಡಿನಲ್ಲಿ 30 ಲಕ್ಷ ಆವರ್ತ ಮುಗಿಸಿರುತ್ತದೆ. ತಡವಾಗುವುದು ದಾರಿಯಲ್ಲಿ, ನಿಮ್ಮ ಮೇಜಿನ ಮೇಲಲ್ಲ.

ಹೊಸ ತಲೆಮಾರಿನ ಕೋರ್ ಐ5 ಅಥವಾ ರೈಜೆನ್ 5, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಧಾರಾಳವಾಯಿತು. ಬೆಳಿಗ್ಗೆ 9:15ಕ್ಕೆ ಮಾರುಕಟ್ಟೆ ತೆರೆದಾಗ ಹತ್ತು ಚಾರ್ಟ್ ಒಟ್ಟಿಗೆ ಓಡಿದರೆ ಮೊದಲು ತುಂಬಿಹೋಗುವುದು ಬಹುಮಟ್ಟಿಗೆ ರ‍್ಯಾಮ್. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯಬೇಡಿ.

ಸಾಲ ಮಾಡಿಯಂತೂ ಕೊಳ್ಳಲೇಬೇಡಿ. ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಹತ್ತರಲ್ಲಿ ಏಳು ಮಂದಿ 2022-23ರಲ್ಲಿ ನಷ್ಟ ಕಂಡರೆಂದು ಸೆಬಿಯ ಅಧ್ಯಯನವೇ ಹೇಳಿದೆ. ಯಾವ ಪ್ರೊಸೆಸರೂ ಇದನ್ನು ತಿದ್ದದು.

ಉಳಿದ ಹಣದಲ್ಲಿ ರೌಟರಿಗೊಂದು ಚಿಕ್ಕ ಯುಪಿಎಸ್ ತನ್ನಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಇಂಟರ್ನೆಟ್ ನಿಲ್ಲುತ್ತದೆ. ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಇರಲಿ. ಬ್ರೋಕರ್ ಆ್ಯಪಿನಲ್ಲಿ ಮೊದಲೇ ಲಾಗಿನ್ ಆಗಿರಿ.