ಹಲಸಿನ ಮರದಡಿಯ ತೊಲೆ: ಒಂದು ವಸ್ತುಪಾಠ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಹಿಂಬದಿಯ ಹಲಸಿನ ಮರವನ್ನೂ ಅದರ ಬುಡದಲ್ಲಿದ್ದ ಕರಿಯ ತೊಲೆಯನ್ನೂ ಮರೆತವರು ಯಾರೂ ಇರಲಾರರು. ಮಧ್ಯಾಹ್ನದ ಗಂಟೆಯಾದೊಡನೆ ಅದರ ಮೇಲೆ ಜಾಗ ಹಿಡಿಯಲು ನಡೆಯುತ್ತಿದ್ದ ಓಟವೂ, ಬುತ್ತಿ ಬಿಚ್ಚಿ ಒಬ್ಬರದನ್ನೊಬ್ಬರು ಹಂಚಿಕೊಳ್ಳುತ್ತಿದ್ದುದೂ ಅನೇಕರ ನೆನಪಿನಲ್ಲಿರುವುವು. ನಾವೂ ಈ ಶಾಲೆಯ ಬಾಲಿಕೆಯಾಗಿದ್ದಾಗ ಅದರ ಮೇಲೆ ಕುಳಿತು ಉಂಡವರೇ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತೊಲೆಯ ತೂತಿನಲ್ಲಿ ಬೆರಳಿಟ್ಟು, “ಟೀಚರ್, ಇದು ಯಾವ ಮರ? ಈ ತೂತುಗಳು ಯಾತಕ್ಕೆ? ಬಿಸಿಲೇರಿದರೆ ಇದು ಡಾಂಬರಿನ ಹಾಗೆ ನಾರುವುದೇಕೆ?” ಎಂದು ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಳು. “ಅದು ರೈಲಿನ ಸ್ಲೀಪರು, ಮಗೂ” ಎಂದಷ್ಟೇ ಹೇಳಿ ನಾವು ಮುಂದೆ ನಡೆದೆವು. ಅವಳು ಶಾಲೆ ಬಿಟ್ಟು ಹೋದಳು. ಉತ್ತರವು ಮಾತ್ರ ನಮ್ಮಲ್ಲಿ ಸಾಲವಾಗಿ ಉಳಿಯಿತು. ಆ ಸಾಲವನ್ನು ಈ ಸ್ಮರಣ ಸಂಚಿಕೆಯಲ್ಲಿ ತೀರಿಸಲು ಯತ್ನಿಸುವೆವು.

ಮೊದಲು ತೂತುಗಳ ವಿಚಾರ. ರೈಲಿನ ಕಂಬಿಗಳು ನೆಲದ ಮೇಲೆ ನೇರವಾಗಿ ಮಲಗಿರುವುದಿಲ್ಲ. ಅವುಗಳ ಕೆಳಗೆ ಅಡ್ಡಲಾಗಿ ಸ್ಲೀಪರುಗಳೂ, ಸ್ಲೀಪರುಗಳ ಕೆಳಗೆ ಜಲ್ಲಿಯೂ ಇರುವುವು. ಸ್ಲೀಪರಿಗೆ ಮೂರು ಕೆಲಸಗಳುಂಟು. ಎರಡು ಕಂಬಿಗಳ ನಡುವಣ ಅಂತರವು ಬದಲಾಗದಂತೆ ಹಿಡಿದುಕೊಳ್ಳುವುದು ಮೊದಲನೆಯದು. ಬಂಡಿಯ ಭಾರವನ್ನು ಜಲ್ಲಿಗೆ ಹರಡುವುದು ಎರಡನೆಯದು. ಗಾಲಿಗಳ ಬಡಿತವನ್ನು ಮೆತ್ತಗೆ ಮಾಡುವುದು ಮೂರನೆಯದು. ನಮ್ಮ ದೇಶದ ಅಗಲ ಹಳಿಯಲ್ಲಿ ಆ ಅಂತರವು 1676 ಮಿಲಿಮೀಟರು. ಅದು ಮಿತಿಮೀರಿ ಹಿಗ್ಗಿದರೆ ಗಾಲಿಯು ಕಂಬಿಯಿಂದ ಒಳಕ್ಕೆ ಜಾರುವುದು. ಮರದ ಸ್ಲೀಪರಿನ ತೂತುಗಳಲ್ಲಿ ಬಡಿದಿದ್ದ ಕಬ್ಬಿಣದ ಮೊಳೆಗಳೇ ಕಂಬಿಯನ್ನು ಅದರ ಸ್ಥಾನದಲ್ಲಿ ನಿಲ್ಲಿಸುತ್ತಿದ್ದುವು. ಮರವು ಕೊಳೆತರೆ ಮೊಳೆ ಸಡಿಲವಾಗುವುದು. ಮೊಳೆ ಸಡಿಲವಾದರೆ ಕಂಬಿ ಸರಿಯುವುದು. ಆದುದರಿಂದ ಗಾಡಿಯಲ್ಲಿ ನಿದ್ರಿಸುತ್ತಿರುವ ನೂರಾರು ಜನರ ಪ್ರಾಣವು ಒಂದು ಮರದ ತುಂಡಿನ ಆರೋಗ್ಯವನ್ನು ನಂಬಿಕೊಂಡಿತ್ತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಮರವು ಬಂದುದೆಲ್ಲಿಂದ? 1853ನೆಯ ಇಸವಿ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಈ ದೇಶದ ಮೊದಲನೆಯ ಪ್ರಯಾಣಿಕರ ರೈಲು ಓಡಿತು. ದೂರವು ಕೇವಲ 21 ಮೈಲು. ಮುಂದೆ ರೈಲುದಾರಿಯು ನಾಲ್ದೆಸೆಗೂ ಹಬ್ಬಿದಂತೆಲ್ಲ ಉತ್ತರದ ಸಾಲ ಮರ, ಹಿಮಾಲಯದ ದೇವದಾರು, ತೆಂಕಣ ನಾಡಿನ ತೇಗ ಇವುಗಳ ಮೇಲೆ ಕೊಡಲಿ ಬಿತ್ತು. ಇಂದಿನ ಮುಖ್ಯ ಮಾರ್ಗಗಳಲ್ಲಿ ಒಂದು ಕಿಲೋಮೀಟರಿಗೆ 1660 ಸ್ಲೀಪರುಗಳನ್ನು ಇಡುವರು. ಅಂದಿನ ಲೆಕ್ಕವು ಇದಕ್ಕಿಂತ ಕಡಿಮೆಯಿದ್ದಿತೆಂದು ಎಣಿಸಿದರೂ ಎಷ್ಟು ಮರಗಳು ಬೇಕಾದುವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅದೂ ಒಂದೇ ಸಲವಲ್ಲ. ಮರದ ಸ್ಲೀಪರು ಹನ್ನೆರಡು ಹದಿನೈದು ವರ್ಷಗಳಲ್ಲಿ ಸವೆದುಹೋಗುವುದರಿಂದ ಮತ್ತೆ ಮತ್ತೆ ಕಾಡಿಗೇ ಹೋಗಬೇಕು.

ಕಾಡು ಹೀಗೆಯೇ ಕರಗಿದರೆ ರೈಲೂ ನಿಲ್ಲುವುದೆಂದು ಅಂದಿನ ಸರಕಾರಕ್ಕೆ ಅರಿವಾಯಿತು. 1864ರಲ್ಲಿ ಅರಣ್ಯ ಇಲಾಖೆಯು ಸ್ಥಾಪಿತವಾಗಿ, ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞರು ಅದರ ಮೊದಲ ಮುಖ್ಯಾಧಿಕಾರಿಗಳಾದರು. 1865ರಲ್ಲಿಯೂ 1878ರಲ್ಲಿಯೂ ಅರಣ್ಯದ ಕಾನೂನುಗಳು ಹುಟ್ಟಿದುವು. ಮರಗಳನ್ನು ಎಣಿಸಿ, ವರ್ಷಕ್ಕೆ ಇಷ್ಟೇ ಕಡಿಯತಕ್ಕದ್ದೆಂದು ಗೊತ್ತುಮಾಡುವ ಪದ್ಧತಿಯು ಬಂದುದು ಒಳ್ಳೆಯದೇ. ಆದರೆ ಅದೇ ಕಾನೂನಿನಿಂದ ಕಾಡಿನಂಚಿನ ಬಡವರು ತಲೆತಲಾಂತರದಿಂದ ಪಡೆಯುತ್ತಿದ್ದ ಸೌದೆ, ಸೊಪ್ಪು, ದನಗಳ ಮೇವು ಇವುಗಳ ಹಕ್ಕು ಮೊಟಕಾಯಿತೆಂಬುದನ್ನೂ ಮಕ್ಕಳಿಗೆ ಮರೆಮಾಚದೆ ಹೇಳಬೇಕು.

ಕಡಿಯುವುದಕ್ಕೆ ಮಿತಿ ಇಟ್ಟಮೇಲೆ ಇರುವ ಮರವನ್ನು ಹೆಚ್ಚು ಕಾಲ ಬಾಳಿಸುವ ಉಪಾಯವನ್ನು ಹುಡುಕಬೇಕಾಯಿತು. 1906ರಲ್ಲಿ ಡೆಹರಾಡೂನಿನಲ್ಲಿ ಅರಣ್ಯ ಸಂಶೋಧನಾ ಸಂಸ್ಥೆಯು ಆರಂಭವಾಯಿತು. ಮರಕ್ಕೆ ಬೂಷ್ಟು ಗೆದ್ದಲು ಎಂಬ ಇಬ್ಬರು ಶತ್ರುಗಳುಂಟಷ್ಟೆ. ತೇಗವೂ ಸಾಲವೂ ಸ್ವಭಾವದಿಂದಲೇ ಇವುಗಳನ್ನು ತಡೆದುಕೊಳ್ಳುವುವು. ಸಾಧಾರಣ ಮರಗಳು ತಡೆಯಲಾರವು. ಅಂಥ ಮರವನ್ನು ಒಣಗಿಸಿ, ದೊಡ್ಡದೊಂದು ಕಬ್ಬಿಣದ ಕೊಳವೆಯಲ್ಲಿ ಮುಚ್ಚಿ, ಕಲ್ಲಿದ್ದಲಿನ ಡಾಂಬರಿನಿಂದ ಬಟ್ಟಿಯಿಳಿಸಿದ ಕ್ರಿಯೋಸೋಟ್ ಎಂಬ ಎಣ್ಣೆಯನ್ನು ಒತ್ತಡದಿಂದ ಒಳಕ್ಕೆ ನುಗ್ಗಿಸಿದರೆ ಅದೂ ಬಾಳಿಕೆ ಬರುವುದು. ನಮ್ಮ ತೊಲೆಯ ವಾಸನೆಗೆ ಕಾರಣವು ಇದೇ.

ಅದೇ ಸಂಸ್ಥೆಯಲ್ಲಿ 1933ರಲ್ಲಿ ಸೋಂಟಿ ಕಾಮೇಶಂ ಎಂಬ ನಮ್ಮ ದೇಶದ ವಿಜ್ಞಾನಿಯು ಇನ್ನೊಂದು ಮದ್ದನ್ನು ಕಂಡುಹಿಡಿದರು. ಅದರಲ್ಲಿ ತಾಮ್ರವು ಬೂಷ್ಟನ್ನು ಕೊಲ್ಲುವುದು, ಆರ್ಸೆನಿಕ್ ಎಂಬ ಪಾಷಾಣವು ಗೆದ್ದಲನ್ನು ತಡೆಯುವುದು, ಕ್ರೋಮಿಯಮ್ ಇವೆರಡನ್ನೂ ಮಳೆಗೆ ತೊಳೆದುಹೋಗದಂತೆ ಮರದ ನಾರಿಗೆ ಬಿಗಿಯುವುದು. ಈ ಮದ್ದು ಲೋಕದ ನಾನಾ ದೇಶಗಳಲ್ಲಿ ತಂತಿಕಂಬಗಳಿಗೂ ಮನೆಗಳ ಮರಕ್ಕೂ ಬಳಕೆಗೆ ಬಂದಿತು. ಬೆಲೆಯುಳ್ಳ ಮರಗಳ ಬದಲು ಸಾಮಾನ್ಯ ಮರಗಳನ್ನು ಉಪಯೋಗಿಸಲು ಸಾಧ್ಯವಾಯಿತು.

ಕಥೆಯು ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಗೆದ್ದಲಿಗೆ ವಿಷವಾದುದು ಮನುಷ್ಯನಿಗೆ ಅಮೃತವಾಗಲಾರದು. ಆರ್ಸೆನಿಕ್ ಸ್ವಲ್ಪ ಸ್ವಲ್ಪವಾಗಿ ಮರದಿಂದ ಹೊರಬರುವುದೆಂದು ತಿಳಿದುಬಂದು, ಅಮೆರಿಕದಲ್ಲಿ 2003ರ ಕೊನೆಗೆ ಮನೆ, ಅಂಗಳ, ಆಟದ ಸಾಮಾನುಗಳ ಮರಕ್ಕೆ ಈ ಮದ್ದನ್ನು ಹಾಕುವುದನ್ನು ತಯಾರಕರು ನಿಲ್ಲಿಸಿದರು. ಕ್ರಿಯೋಸೋಟಿನಲ್ಲಿಯೂ ಅರ್ಬುದರೋಗವನ್ನು ತರಬಲ್ಲ ದ್ರವ್ಯಗಳುಂಟು. ಈ ಲೇಖನಕ್ಕಾಗಿ ಓದುತ್ತಿದ್ದಾಗ ಈ ಸಂಗತಿಯು ಕಣ್ಣಿಗೆ ಬಿದ್ದು ನಾವು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ಆ ಹುಡುಗಿಗೆ ಅಂದೇ ಉತ್ತರ ಹುಡುಕಿಕೊಟ್ಟಿದ್ದರೆ ಇದು ಅಂದೇ ತಿಳಿಯುತ್ತಿತ್ತಲ್ಲವೆ? ಮಾರನೆಯ ದಿನವೇ ತೊಲೆಯನ್ನು ಅಲ್ಲಿಂದ ತೆಗೆಯಿಸಿ, ಹಲಸಿನ ಬುಡಕ್ಕೆ ಕಲ್ಲಿನ ಜಗಲಿಯನ್ನು ಕಟ್ಟಿಸಿದೆವು. ಹಿಂದೆ ಅದರ ಮೇಲೆ ಕುಳಿತು ಉಂಡವರು ಗಾಬರಿಗೊಳ್ಳಲೆಂದು ಇದನ್ನು ಬರೆಯುತ್ತಿಲ್ಲ. ತಿಳಿದ ಮೇಲೂ ಸುಮ್ಮನಿರಬಾರದೆಂದು ಬರೆಯುತ್ತಿರುವೆವು. ತಮ್ಮ ಮನೆಗಳಲ್ಲಿ ಬೇಲಿಗೋ ಕೊಟ್ಟಿಗೆಗೋ ಹಾಕಿದ ಹಳೆಯ ಸ್ಲೀಪರುಗಳಿದ್ದರೆ ಪೋಷಕರು ಅವನ್ನು ಎಂದಿಗೂ ಬಚ್ಚಲ ಒಲೆಗೆ ಒಟ್ಟಬಾರದು. ಅದರ ಹೊಗೆಯೂ ಬೂದಿಯೂ ಕೆಟ್ಟವು. ಆ ಬೂದಿಯಿಂದ ಪಾತ್ರೆ ತಿಕ್ಕುವುದಾಗಲಿ, ಅದನ್ನು ತರಕಾರಿಯ ಪಾತಿಗೆ ಹಾಕುವುದಾಗಲಿ ಸಲ್ಲದು. ಬಾವಿಯ ಕಟ್ಟೆಗೂ ದನಗಳ ಗೋದಲಿಗೂ ಆ ಮರವನ್ನು ಬಳಸಬಾರದು.

ಈಗ ಹಳಿಯ ಕೆಳಗೆ ಮರದ ಬದಲು ಕಾಂಕ್ರೀಟಿನ ಸ್ಲೀಪರುಗಳನ್ನು ಕಾಣುವೆವು. ಕಾಂಕ್ರೀಟು ಒತ್ತಿದರೆ ತಾಳುವುದು, ಎಳೆದರೆ ಬಿರಿಯುವುದು. ಇದಕ್ಕೆ ಎಂಜಿನಿಯರುಗಳು ಕಂಡ ಉಪಾಯವನ್ನು ತರಗತಿಯಲ್ಲಿಯೇ ತೋರಿಸಬಹುದು. ಏಳೆಂಟು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಎರಡು ತುದಿಗಳಿಂದ ಅಂಗೈಗಳಿಂದ ಬಲವಾಗಿ ಅದುಮಿದರೆ ಇಡೀ ಸಾಲನ್ನು ಒಂದೇ ಹಲಗೆಯಂತೆ ಎತ್ತಬಹುದು. ಕೈ ಸಡಿಲಿಸಿದರೆ ಎಲ್ಲವೂ ಬೀಳುವುವು. ಹಾಗೆಯೇ ಉಕ್ಕಿನ ತಂತಿಗಳನ್ನು ಮೊದಲು ಬಲವಾಗಿ ಎಳೆದು ಬಿಗಿದು, ಸುತ್ತಲೂ ಕಾಂಕ್ರೀಟನ್ನು ಸುರಿದು, ಅದು ಗಟ್ಟಿಯಾದ ಮೇಲೆ ತಂತಿಗಳನ್ನು ಬಿಡುವರು. ತಂತಿಯು ಕುಗ್ಗಲು ಹವಣಿಸಿ ಕಾಂಕ್ರೀಟನ್ನು ಒಳಗಿನಿಂದ ಸದಾ ಅದುಮಿಕೊಂಡಿರುವುದು. ಇಂಥ ಸ್ಲೀಪರಿನ ತೂಕವು 250 ಕಿಲೋಗ್ರಾಮಿಗೂ ಹೆಚ್ಚು. ಆಯುಷ್ಯವು ಸುಮಾರು ಐವತ್ತು ವರ್ಷ. ಭಾರದಿಂದ ಹಳಿಯು ಅಲುಗದೆ ನಿಲ್ಲುವುದು; ಕಾಡಿನ ಮರವೂ ಉಳಿಯುವುದು. ಸುಣ್ಣದ ಕಲ್ಲಿನ ಗಣಿಯೂ ಸಿಮೆಂಟಿನ ಗೂಡಿನ ಹೊಗೆಯೂ ಇದರ ಬೆಲೆಯೆಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ಹಳಿಗೆ ಇನ್ನು ಮರದ ಹಂಗಿಲ್ಲವೋ? ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಟ್ಟವಿಳಿಯುವ ರೈಲಿನಲ್ಲಿ ಕುಳಿತವರು ಉತ್ತರವನ್ನು ಬಲ್ಲರು. 1979ರಲ್ಲಿ ತೆರೆದು, ಮುಂದೆ ಅಗಲ ಹಳಿಯಾಗಿ ಮಾರ್ಪಟ್ಟು, 2007ರಲ್ಲಿ ಮತ್ತೆ ಪ್ರಯಾಣಿಕರಿಗೆ ದೊರೆತ ಈ ದಾರಿಯು ಸುಮಾರು 55 ಕಿಲೋಮೀಟರು. ಅದರಲ್ಲಿ 57 ಸುರಂಗಗಳು. ಐವತ್ತು ಅಡಿ ನಡೆದರೆ ಒಂದು ಅಡಿ ಇಳಿಯುವಷ್ಟು ಇಳಿಜಾರು. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದು ಇಲ್ಲಿ ಸಂಚಾರವು ನಿಂತಿತು. ಮಳೆನೀರು ಮಣ್ಣಿನೊಳಗೆ ತುಂಬಿ ಕಣಕಣಗಳ ಹಿಡಿತವನ್ನು ಬಿಡಿಸುವುದೇ ಕುಸಿತಕ್ಕೆ ಮೂಲ. ಬೇರುಗಳು ಮೇಲ್ಮಣ್ಣನ್ನು ಹೊಲಿದಂತೆ ಹಿಡಿಯುವುವು. ಎಲೆಗಳು ಮಳೆಯ ಹೊಡೆತವನ್ನು ತಗ್ಗಿಸುವುವು. ಆದರೆ ಬೇರು ಮುಟ್ಟದ ಆಳದಿಂದ ಜಾರುವ ಗುಡ್ಡವನ್ನು ಮರವು ನಿಲ್ಲಿಸಲಾರದು. ಕಡಿದ ದರೆಯ ಅಂಚಿನಲ್ಲಿ ನಿಂತ ಹೆಮ್ಮರವು ಗಾಳಿಗೆ ತೂಗಿ ಹಾನಿಯನ್ನೂ ಮಾಡೀತು. ಆದುದರಿಂದ ಎಲ್ಲಿ ಮರ, ಎಲ್ಲಿ ಲಾವಂಚದಂಥ ಆಳಬೇರಿನ ಹುಲ್ಲು, ಎಲ್ಲಿ ನೀರು ಹರಿಯುವ ಕಾಲುವೆ, ಎಲ್ಲಿ ಕಲ್ಲಿನ ಗೋಡೆ ಎಂಬುದನ್ನು ಅರಣ್ಯ ಬಲ್ಲವರೂ ಎಂಜಿನಿಯರುಗಳೂ ಜೊತೆಯಾಗಿ ನಿಶ್ಚಯಿಸಬೇಕು.

ಈ ಪಾಠವು ಅಗ್ಗವಾಗಿ ದೊರೆತುದಲ್ಲ. 2003ನೆಯ ಇಸವಿ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಗಾಡಿಯು ಕೊಂಕಣ ರೈಲುದಾರಿಯ ವೈಭವವಾಡಿಯ ಬಳಿ ಹಳಿಯ ಮೇಲೆ ಉರುಳಿದ್ದ ಬಂಡೆಗಳಿಗೆ ತಾಗಿ ಐವತ್ತಕ್ಕೂ ಹೆಚ್ಚು ಜನರು ಮಡಿದರು. ಇಂದು ಆ ದಾರಿಯಲ್ಲಿ ದರೆಗಳಿಗೆ ಉಕ್ಕಿನ ಬಲೆಗಳುಂಟು, ಮಳೆಯಲ್ಲಿ ಹಳಿಯ ಗುಂಟ ನಡೆಯುವ ಕಾವಲುಗಾರರುಂಟು, ಮಳೆಗಾಲಕ್ಕೆಂದೇ ಗಾಡಿಗಳ ವೇಗವನ್ನು ತಗ್ಗಿಸಿದ ಬೇರೆ ವೇಳಾಪಟ್ಟಿಯುಂಟು. ಮಳೆಗಾಲದಲ್ಲಿ ಮಗಳ ದಾರಿ ಕಾಯುತ್ತ ನಿಲ್ದಾಣದಲ್ಲಿ ನಿಂತ ತಂದೆತಾಯಿಗಳು ಗಾಡಿಯು ತಡವಾಯಿತೆಂದು ಬೇಸರಗೊಳ್ಳುವಾಗ ಇದನ್ನು ಒಮ್ಮೆ ನೆನೆಯಬೇಕು.

ಕೊನೆಗೆ ಉಳಿದುದು ಮೊದಲನೆಯ ಪ್ರಶ್ನೆ. ತೊಲೆಯನ್ನು ತೆಗೆಯಿಸಿದ ದಿನ ವೃದ್ಧರಾದ ಆಚಾರಿಯೊಬ್ಬರು ಅದರ ತುದಿಯನ್ನು ನೋಡಿ, “ಇದು ಮತ್ತಿ ಮರ, ಅಮ್ಮಾ” ಎಂದರು. ಮೊಸಳೆಯ ಬೆನ್ನಿನಂತೆ ಒಡೆದ ತೊಗಟೆಯುಳ್ಳ, ನಮ್ಮ ಘಟ್ಟದ ಕಾಡುಗಳಲ್ಲಿ ಇಂದಿಗೂ ನಿಂತಿರುವ ಮರವದು. ಮಗೂ, ನೀನು ಈಗ ಎಲ್ಲಿದ್ದರೂ ಇದನ್ನು ಓದುವೆಯೆಂದು ನಂಬಿರುವೆವು. ನಿನ್ನ ಮೂರು ಪ್ರಶ್ನೆಗಳಿಗೂ ಉತ್ತರವಾಯಿತು. ನಮ್ಮ ಅಧ್ಯಾಪಕಿಯರಿಗೆ ಈಗ ನಾವು ಹೇಳುವ ಮಾತು ಒಂದೇ: ಮಕ್ಕಳು ಕೇಳಿದುದಕ್ಕೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ; ಆದರೆ ಮುಂದೆ ನಡೆದು ಹೋಗಬೇಡಿರಿ.