ಸಾಲದ ಬಾಕಿಯೂ ನಂಬಿಕೆಯ ಕೆಲಸವೂ



ಮಗನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತೆಂದು ಪತ್ರ ಬಂದರೆ ಮನೆಗೆ ಹಬ್ಬವೇ ಸರಿ. ಆದರೆ ಅವನ ಹೆಸರಿನ ಹಳೆಯ ಬಾಕಿಯೊಂದು ಆ ಕೆಲಸವನ್ನೇ ತಪ್ಪಿಸಬಹುದು. ಸಾಲದ ದಾಖಲೆ ಕೆಟ್ಟಿದ್ದ ಅಭ್ಯರ್ಥಿಯ ನೇಮಕವನ್ನು ಬ್ಯಾಂಕೊಂದು ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟು 2025ರಲ್ಲಿ ಎತ್ತಿ ಹಿಡಿಯಿತು.

ಬಾಕಿಗೂ ಕೆಲಸಕ್ಕೂ ಏನು ಸಂಬಂಧ?

ಊರಿನ ಕಣಜದ ಬೀಗದ ಕೈಯನ್ನು ಯಾರ ಕೈಗೆ ಕೊಡುತ್ತೇವೆ? ಸಾಲಗಾರರ ಕಾಟದಲ್ಲಿರುವವನಿಗೆ ಕೊಡಲು ಹಿಂದುಮುಂದು ನೋಡುತ್ತೇವಲ್ಲವೇ? ಸರ್ಕಾರಗಳೂ ಹೀಗೆಯೇ ಯೋಚಿಸುತ್ತವೆ. ಅಮೆರಿಕದಲ್ಲಿ ದೇಶದ ರಹಸ್ಯ ಕಾಗದಪತ್ರ ನೋಡುವ ಕೆಲಸಕ್ಕೆ ವಿಶೇಷ ಅನುಮತಿ ಬೇಕು. 2017ರಿಂದ ಜಾರಿಯಲ್ಲಿರುವ ನಿಯಮಾವಳಿಯಂತೆ ಇದಕ್ಕಾಗಿ 13 ವಿಷಯಗಳನ್ನು ತೂಗಿ ನೋಡುತ್ತಾರೆ. ಅದರಲ್ಲಿ ಹಣದ ವ್ಯವಹಾರವೂ ಒಂದು. ಸಾಲದ ಒತ್ತಡದಲ್ಲಿರುವವನು ಹಣದಾಸೆಗೆ ರಹಸ್ಯ ಮಾರಿಯಾನು ಎಂಬುದೇ ಅಂಜಿಕೆ. ಆದರೆ ಕಾಯಿಲೆ, ಕೆಲಸ ಹೋಗುವುದು ಮುಂತಾದ ಕೈಮೀರಿದ ಕಷ್ಟದಿಂದ ಸಾಲವಾಗಿ, ಆತ ಪ್ರಾಮಾಣಿಕವಾಗಿ ತೀರಿಸುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ನಮ್ಮಲ್ಲಿಯೂ ಕೇಂದ್ರ ಸರ್ಕಾರದ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು, ನೌಕರನು ಸದಾ ಸಾಲದಲ್ಲಿ ಮುಳುಗಿರದಂತೆ ತನ್ನ ವ್ಯವಹಾರ ನಡೆಸಬೇಕೆಂದು ಹೇಳುತ್ತದೆ.

ನಮ್ಮ ಬಾಕಿ ಅವರಿಗೆ ಹೇಗೆ ತಿಳಿಯುತ್ತದೆ?

2005ರ ಕಾಯಿದೆಯಂತೆ ಸಾಲದ ಮಾಹಿತಿ ಇಡುವ ಕಂಪನಿಗಳಿವೆ. ಜನರು ಸಾಮಾನ್ಯವಾಗಿ ‘ಸಿಬಿಲ್’ ಎನ್ನುವುದು ಇಂಥ ಒಂದು ಕಂಪನಿಯ ದಾಖಲೆಗೆ. ಅದರಲ್ಲಿ 300ರಿಂದ 900ರವರೆಗೆ ಅಂಕ ಕೊಡುತ್ತಾರೆ. ಬೆಳೆ ಸಾಲ, ಒಡವೆ ಸಾಲ, ಕಂತಿನ ಮೇಲೆ ಕೊಂಡ ಬೈಕು, ಮೊಬೈಲು ಎಲ್ಲವೂ ಅಲ್ಲಿ ಸೇರಬಹುದು.

ತಂದೆಯ ಸಾಲ ಮಗನ ದಾಖಲೆಗೆ ತಾನಾಗಿ ಬರುವುದಿಲ್ಲ. ಮಗನೂ ಜಂಟಿಯಾಗಿ ಸಹಿ ಹಾಕಿದ್ದರೆ ಅಥವಾ ಜಾಮೀನು ನಿಂತಿದ್ದರೆ ಬರುತ್ತದೆ. 1872ರ ಕರಾರು ಕಾಯಿದೆಯಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ‘ಬರೀ ಒಂದು ಸಹಿ ತಾನೇ’ ಎಂದು ದಾಕ್ಷಿಣ್ಯಕ್ಕೆ ಕಟ್ಟುಬೀಳಬೇಡಿ. ವಿದ್ಯಾಭ್ಯಾಸದ ಸಾಲವಂತೂ ಮಗನ ಹೆಸರಿನಲ್ಲಿಯೇ ಇರುತ್ತದೆ.

ಮಾಡಬೇಕಾದದ್ದು

1. ವರ್ಷಕ್ಕೊಮ್ಮೆ ದಾಖಲೆ ತರಿಸಿ ನೋಡಿರಿ. ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

2. ತಪ್ಪು ಕಂಡರೆ ದೂರು ಕೊಡಿರಿ. 30 ದಿನದೊಳಗೆ ಸರಿಪಡಿಸದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಲು ಹಕ್ಕಿದೆ.

3. ಸಾಲ ತೀರಿದೊಡನೆ ‘ಬಾಕಿ ಇಲ್ಲ’ ಎಂಬ ಪತ್ರ ಪಡೆದು ಜೋಪಾನವಾಗಿಡಿರಿ. ಕೆಲಸಕ್ಕೆ ಸೇರುವಾಗ ಅದೇ ಆಧಾರ.

4. ಬ್ಯಾಂಕು ಸ್ವಲ್ಪ ಬಿಟ್ಟುಕೊಟ್ಟು ಲೆಕ್ಕ ಚುಕ್ತಾ ಮಾಡಿದರೆ, ದಾಖಲೆಯಲ್ಲಿ ಅದು ಪೂರ್ತಿ ತೀರಿದ ಸಾಲವೆಂದು ಕಾಣುವುದಿಲ್ಲ. ಒಪ್ಪುವ ಮೊದಲು ಕೇಳಿ ತಿಳಿಯಿರಿ.

5. ಮಳೆ ಕೈಕೊಟ್ಟು ಬೆಳೆ ಹೋದರೆ ಮುಖ ಮರೆಸಿಕೊಳ್ಳಬೇಡಿ. ಗಡುವಿಗೆ ಮೊದಲೇ ಬ್ಯಾಂಕಿಗೆ ಹೋಗಿ, ಅವಧಿ ಮುಂದೂಡುವಂತೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಸಾಲ ಮಾಡುವುದು ಅವಮಾನವಲ್ಲ. ಸಾಲವಿಲ್ಲದೆ ಬೇಸಾಯ ಮಾಡುವವರು ಎಷ್ಟು ಮಂದಿ? ಬಾಕಿಯನ್ನು ಬಚ್ಚಿಡುವುದರಿಂದಲೇ ಕೇಡು. ಈ ಸಂಜೆ ಮನೆಯ ಸಾಲದ ಕಾಗದಗಳನ್ನೆಲ್ಲ ಒಂದೆಡೆ ಸೇರಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿರಿ.

ಚರ್ಚೆಗೆ: ನೀವು ಯಾರಿಗೆ ಜಾಮೀನು ನಿಂತಿದ್ದೀರಿ? ಆ ಸಾಲ ಈಗ ಯಾವ ಸ್ಥಿತಿಯಲ್ಲಿದೆ?